ಹುಲಿಗೆ ಅನ್ನ ಬಡಿಸಿದವನು

ನಡುರಾತ್ರಿ ಮನೆಯೊಳಗೆ ಯಾರೋ ನುಗ್ಗಿದ್ದಾರೆ. ಕೈಯಲ್ಲಿ ಮರದ ಕತ್ತಿ, ಕಣ್ಣಲ್ಲಿ ಕೆಂಡ. ನುಗ್ಗಿದವಳು 150 ಸೆಂಟಿಮೀಟರ್ ಎತ್ತರವೂ ಇಲ್ಲದ, ನಮ್ಮ ಪಿಯುಸಿ ಓದುವ ವಯಸ್ಸಿನ ಹುಡುಗಿ. ಬಂದಿರುವುದು ಕದಿಯಲು ಅಲ್ಲ, ಮಾನ ಉಳಿಸಿಕೊಳ್ಳಲು. ಅಂದು ತರಗತಿಯಲ್ಲಿ ತಾನು ಮೆಚ್ಚಿದವನ ಚೀಲಕ್ಕೆ ಹಾಕಬೇಕಿದ್ದ ಪ್ರೇಮಪತ್ರವನ್ನು ಅವಳು ತಪ್ಪಿ ಬೇರೊಬ್ಬನ ಚೀಲಕ್ಕೆ ಹಾಕಿಬಿಟ್ಟಿದ್ದಾಳೆ. ಆ ಬೇರೊಬ್ಬನ ಮನೆ ಇದು. ಅವನನ್ನು ಬಡಿದು ಎಲ್ಲವನ್ನೂ ಮರೆಸಬೇಕೆಂಬುದು ಅವಳ ಲೆಕ್ಕ. ಹುಡುಗ ತಪ್ಪಿಸಿಕೊಳ್ಳುತ್ತಾ, ಏದುಸಿರು ಬಿಡುತ್ತಾ ನಿಜ ಹೇಳುತ್ತಾನೆ: ಲಕೋಟೆ ತೆರೆದು ನೋಡಿದೆ, ಒಳಗೆ ಕಾಗದವೇ ಇರಲಿಲ್ಲ. ಗಾಬರಿಯಲ್ಲಿ ಅವಳು ಬರೀ ಲಕೋಟೆ ಅಂಟಿಸಿದ್ದಾಳೆ! ಅಷ್ಟು ಹೊತ್ತಿಗೆ ಹುಡುಗಿಯ ಹೊಟ್ಟೆ ಗುರುಗುಟ್ಟುತ್ತದೆ. ಹುಡುಗ ಅಡುಗೆಮನೆಗೆ ಹೋಗಿ, ಇದ್ದ ಅನ್ನಕ್ಕೆ ಒಗ್ಗರಣೆ ಹಾಕಿದ ಹಾಗೆ ಬಾಣಲೆಯಲ್ಲಿ ಹುರಿದು, ತಟ್ಟೆಗೆ ಹಾಕಿ ಕೊಡುತ್ತಾನೆ. ಕೊಲ್ಲಲು ಬಂದವಳು ಕೂತು ಉಣ್ಣುತ್ತಾಳೆ.

ಜಪಾನಿನ 'ತೊರಾದೊರಾ!' ಕಾದಂಬರಿ ಸರಣಿ ಶುರುವಾಗುವುದು ಹೀಗೆ. ಯುಯುಕೊ ತಕೆಮಿಯಾ ಎಂಬ ಲೇಖಕಿ ಬರೆದ, ಯಾಸು ಎಂಬ ಹೆಸರಿನ ಕಲಾವಿದರು ಚಿತ್ರ ಬಿಡಿಸಿದ ಈ ಸರಣಿಯ ಮೊದಲ ಸಂಪುಟ 2006ರ ಮಾರ್ಚ್‌ನಲ್ಲಿ, ಹತ್ತನೆಯ ಹಾಗೂ ಕೊನೆಯ ಸಂಪುಟ ಸರಿಯಾಗಿ ಮೂರು ವರ್ಷಕ್ಕೆ 2009ರ ಮಾರ್ಚ್‌ನಲ್ಲಿ ಬಂತು. ಉಪಕತೆಗಳ ಮೂರು ಸಂಪುಟಗಳು ಬೇರೆ. ಇದೇ ಕತೆ ಮಾಂಗಾ, ಅಂದರೆ ಜಪಾನಿ ಚಿತ್ರಕತೆ ಆಯಿತು, 25 ಕಂತುಗಳ ಅನಿಮೆ, ಅಂದರೆ ಅನಿಮೇಶನ್ ಸರಣಿ ಆಯಿತು, ವಿಡಿಯೊ ಗೇಮ್ ಕೂಡ ಆಯಿತು. ಜಪಾನಿನ ಹರೆಯದ ಪ್ರೇಮಕತೆಗಳ ಮಾತು ಬಂದಾಗಲೆಲ್ಲ ಇದರ ಹೆಸರು ಇಂದಿಗೂ ಬರುತ್ತದೆ. ಯಾಕೆ? ಪ್ರೀತಿ ಹುಟ್ಟುವ ಜಾಗವನ್ನು ಈ ಕತೆ ಹೂದೋಟದಲ್ಲೋ ಮಳೆಯಲ್ಲೋ ಹುಡುಕಲಿಲ್ಲ. ಅಡುಗೆಮನೆಯಲ್ಲಿ ಹುಡುಕಿತು. ನನಗೆ ತಿಳಿದ ಮಟ್ಟಿಗೆ ಅದರ ದೊಡ್ಡತನವೆಲ್ಲ ಇರುವುದು ಅಲ್ಲೇ.

ಜೇಬಿಗೆ ಹಿಡಿಯುವ ಕಾದಂಬರಿ

ಮೊದಲು 'ಲೈಟ್ ನಾವೆಲ್' ಎಂಬ ಪ್ರಕಾರದ ಬಗ್ಗೆ ಎರಡು ಮಾತು. ಹೆಸರು ಇಂಗ್ಲಿಷಿನದಾದರೂ ಇದು ಜಪಾನಿನಲ್ಲೇ ಹುಟ್ಟಿದ ಪದ. 1990ರ ದಶಕದ ಆರಂಭದಿಂದೀಚೆಗೆ ಬಳಕೆಯಲ್ಲಿದೆ. ಹದಿಹರೆಯದವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಬರೆದ, ಮಾತುಕತೆ ಹೆಚ್ಚಾಗಿರುವ, ಸರಸರ ಓದಿಸಿಕೊಂಡು ಹೋಗುವ ಕಾದಂಬರಿ. ಪುಸ್ತಕದ ಅಳತೆ ಸಾಮಾನ್ಯವಾಗಿ 'ಬುಂಕೊ', ಅಂದರೆ ನಮ್ಮ ಎ4 ಹಾಳೆಯನ್ನು ಎರಡು ಬಾರಿ ಮಡಚಿದಷ್ಟು. ಕೋಟಿನ ಜೇಬಿಗೆ ಹಿಡಿಯುತ್ತದೆ, ರೈಲಿನಲ್ಲಿ ನಿಂತೇ ಒಂದು ಕೈಯಲ್ಲಿ ಓದಬಹುದು. ಮುಖಪುಟದಲ್ಲಿ ಮಾಂಗಾ ಶೈಲಿಯ ಚಿತ್ರ, ಮೊದಲ ಕೆಲವು ಪುಟಗಳಲ್ಲಿ ಬಣ್ಣದ ಚಿತ್ರಗಳು, ನಡುನಡುವೆ ಕಪ್ಪುಬಿಳುಪಿನವು. ಚಿತ್ರಕಾರರ ಹೆಸರು ಲೇಖಕರ ಹೆಸರಿನ ಜೊತೆಗೇ ಇರುತ್ತದೆ. ಓದುಗರ ಮನಸ್ಸಿನಲ್ಲಿ ಪಾತ್ರದ ಮುಖ ಮೂಡಿಸುವುದರಲ್ಲಿ ಇಬ್ಬರದೂ ಸಮಪಾಲು.

'ತೊರಾದೊರಾ!' ಬಂದದ್ದು 1993ರಲ್ಲಿ ಶುರುವಾದ 'ದೆಂಗೆಕಿ ಬುಂಕೊ' ಮಾಲೆಯಲ್ಲಿ. ಆ ಮಾಲೆಯಲ್ಲಿ ಮಾಟ, ಯುದ್ಧ, ಬೇರೆ ಲೋಕಗಳ ಕತೆಗಳದ್ದೇ ದೊಡ್ಡ ಸದ್ದು. ತಕೆಮಿಯಾ ಅವರ ಕತೆಯಲ್ಲಿ ಮಾಟವಿಲ್ಲ, ರಾಕ್ಷಸರಿಲ್ಲ. ಒಂದು ಶಾಲೆ, ಅಕ್ಕಪಕ್ಕದ ಎರಡು ಮನೆ, ಐದು ಮಂದಿ ಹುಡುಗ ಹುಡುಗಿಯರು, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ಶಾಲಾವರ್ಷ. ಇಷ್ಟೇ ಸಾಮಗ್ರಿ.

ಕತೆಯ ಹುಡುಗ ರ್ಯೂಜಿ ತಕಾಸು. ರೌಡಿಯಾಗಿದ್ದ ತಂದೆಯಿಂದ ಅವನಿಗೆ ಬಂದಿರುವ ಆಸ್ತಿ ಒಂದೇ, ನೋಡಿದವರು ನಡುಗುವಂಥ ಕಣ್ಣು. ಹೊಸ ತರಗತಿಗೆ ಕಾಲಿಟ್ಟರೆ ಮಕ್ಕಳು ದೂರ ಸರಿಯುತ್ತಾರೆ. ಆದರೆ ಅವನಂಥ ಮೃದು ಸ್ವಭಾವದವನು ಇನ್ನೊಬ್ಬನಿಲ್ಲ. ಅಡುಗೆ, ಒಗೆತ, ಮನೆ ಒರೆಸುವುದು ಅವನಿಗೆ ಕೆಲಸವಲ್ಲ, ಸಂತೋಷ. ಕಿಟಕಿಯ ಸಂದಿ, ಒಲೆಯ ಮೂಲೆಗಳಲ್ಲಿ ಕೂತ ಕೊಳೆ ತೆಗೆಯಲು ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ತಾನೇ ಒಂದು ಸಾಧನ ಮಾಡಿಕೊಂಡಿದ್ದಾನೆ. ಅದಕ್ಕೆ ತನ್ನ ಮನೆತನದ ಹೆಸರನ್ನೇ ಇಟ್ಟಿದ್ದಾನೆ: 'ತಕಾಸು ಕಡ್ಡಿ'.

ಕತೆಯ ಹುಡುಗಿ ತೈಗಾ ಐಸಾಕಾ. ಬೊಂಬೆಯಂಥ ಮುಖ, ಸೊಂಟ ದಾಟುವ ಕೂದಲು, ಮುಟ್ಟಿದರೆ ಸಿಡಿಯುವ ಸಿಟ್ಟು. ಶಾಲೆಯಲ್ಲಿ ಅವಳಿಗೆ 'ಅಂಗೈ ಹುಲಿ' ಎಂಬ ಅಡ್ಡಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟವಳು, ಆದರೆ ಹುಲಿ. ರ್ಯೂಜಿಯ ಹಳೆಯ ಬಾಡಿಗೆ ಮನೆಯ ಪಕ್ಕದಲ್ಲೇ ಎದ್ದ ದುಬಾರಿ ಅಪಾರ್ಟ್‌ಮೆಂಟಿನಲ್ಲಿ ಅವಳ ವಾಸ. ಆ ಕಟ್ಟಡ ಎದ್ದ ಮೇಲೆ ರ್ಯೂಜಿಯ ಮನೆಗೆ ಬಿಸಿಲು ಬೀಳುವುದು ನಿಂತಿದೆ. ಒಗೆದ ಬಟ್ಟೆ ಒಣಗುವುದಿಲ್ಲ ಎಂಬುದು ಅವನ ನಿತ್ಯದ ಕೊರಗು. ಬಿಸಿಲು ಕಸಿದ ಆ ಕಟ್ಟಡದಿಂದಲೇ ಹುಲಿ ಇಳಿದು ಬರುತ್ತದೆ.

ಹೆಸರಿನಲ್ಲಿ ಅಡಗಿದ ಕತೆ

ಈ ಸರಣಿಯ ಶೀರ್ಷಿಕೆಯನ್ನು ಬಿಡಿಸಿ ನೋಡುವುದೇ ಒಂದು ಖುಷಿ. ಜಪಾನಿ ಭಾಷೆಯಲ್ಲಿ 'ತೊರಾ' ಅಂದರೆ ಹುಲಿ. 'ದೊರಾ' ಎಂಬುದು 'ದೊರಗೊನ್', ಅಂದರೆ ಡ್ರ್ಯಾಗನ್ ಎಂಬ ಪದದ ಮೊದಲ ಅರ್ಧ. ಹುಲಿ ಯಾರು? ತೈಗಾ. ಅವಳ ಹೆಸರನ್ನು ಬರೆಯುವ ಚಿತ್ರಾಕ್ಷರಗಳ ಅರ್ಥ 'ಮಹಾನದಿ'. ಆದರೆ ಬಾಯಲ್ಲಿ ಹೇಳಿದಾಗ ಅದು ಇಂಗ್ಲಿಷಿನ ಟೈಗರ್‌ನ ಜಪಾನಿ ಉಚ್ಚಾರದ ಹಾಗೆ ಕೇಳುತ್ತದೆ. ಡ್ರ್ಯಾಗನ್ ಯಾರು? ರ್ಯೂಜಿ. ಅವನ ಹೆಸರಿನ 'ರ್ಯೂ' ಅಕ್ಷರದ ಅರ್ಥವೇ ಡ್ರ್ಯಾಗನ್. ಬರೆದಾಗ ಒಂದು, ನುಡಿದಾಗ ಇನ್ನೊಂದು, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ಮೂರನೆಯದು. ಚಿತ್ರಾಕ್ಷರದ ಭಾಷೆಗೆ ಮಾತ್ರ ಸಾಧ್ಯವಾಗುವ ಶ್ಲೇಷೆ ಇದು.

ಪೂರ್ವ ಏಷ್ಯಾದ ಕಲೆಯಲ್ಲಿ ಹುಲಿ ಮತ್ತು ಡ್ರ್ಯಾಗನ್ ಹಳೆಯ ಜೋಡಿ. ಮಠಗಳ ಜಾರುಬಾಗಿಲುಗಳ ಮೇಲೆ, ಮಡಿಕೆ ಪರದೆಗಳ ಮೇಲೆ ಒಂದು ಕಡೆ ಹುಲಿ, ಇನ್ನೊಂದು ಕಡೆ ಮೋಡದ ನಡುವೆ ಡ್ರ್ಯಾಗನ್. ಒಂದು ನೆಲದ ಬಲ, ಇನ್ನೊಂದು ಆಕಾಶದ ಬಲ. ಒಂದು ಇನ್ನೊಂದನ್ನು ಗೆಲ್ಲುವುದಿಲ್ಲ. ಸರಿಸಮನಾಗಿ ಎದುರುಬದುರು ನಿಲ್ಲುತ್ತವೆ. ಕತೆಯ ಆರಂಭದಲ್ಲೇ ರ್ಯೂಜಿಗೆ ಈ ಮಾತು ಹೊಳೆಯುತ್ತದೆ. ಹುಲಿಯ ಹಿಂದೆ ಓಡಾಡುವ ಆಳಾಗಿ ಅಲ್ಲ, ಅದರ ಪಕ್ಕದಲ್ಲಿ ಸರಿಸಾಟಿಯಾಗಿ ನಿಲ್ಲುವ ಡ್ರ್ಯಾಗನ್ ಆಗಿ ಇರುತ್ತೇನೆ ಎಂದು ಅವನು ನಿಶ್ಚಯಿಸುತ್ತಾನೆ. ಮುಂದಿನ ಸಂಪುಟಗಳು ಆ ನಿಶ್ಚಯದ ಬೆಲೆ ಏನೆಂದು ಅವನಿಗೆ ಕಲಿಸುತ್ತವೆ.

ಹೆಸರಿನ ಆಟ ಇಲ್ಲಿಗೇ ನಿಲ್ಲುವುದಿಲ್ಲ. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಗಮನಿಸಿ. ಜಪಾನಿನಲ್ಲಿ ಸಹಪಾಠಿಗಳು ಸಾಮಾನ್ಯವಾಗಿ ಮನೆತನದ ಹೆಸರಿನಿಂದ ಕರೆಯುತ್ತಾರೆ. ಇಟ್ಟ ಹೆಸರು ಹಿಡಿದು, 'ಕುನ್' ತರಹದ ಗೌರವದ ಪ್ರತ್ಯಯವೂ ಇಲ್ಲದೆ ಕರೆಯುವುದು ಮನೆಯವರಿಗೆ, ತೀರಾ ಹತ್ತಿರದವರಿಗೆ ಮೀಸಲು. ಕನ್ನಡದಲ್ಲಿ 'ನೀವು' ಇದ್ದದ್ದು ಒಂದು ದಿನ 'ನೀನು' ಆಗುತ್ತದಲ್ಲ, ಆ ದಾಟುವಿಕೆಗೆ ಸಮ. ರ್ಯೂಜಿ ಮನಸೋತಿರುವ ಮಿನೊರಿ ಅವನಿಗೆ ಕೊನೆಯವರೆಗೂ 'ಕುಶಿಯೆದಾ'. ಅವನು ಅವಳಿಗೆ 'ತಕಾಸು ಕುನ್'. ತೈಗಾ ಮೆಚ್ಚಿದ ಯೂಸಾಕು ಅವಳಿಗೆ 'ಕಿತಾಮುರಾ ಕುನ್'. ಆದರೆ ಈ ಇಬ್ಬರು? ಪರಿಚಯವಾದ ಒಂದೆರಡು ದಿನದಲ್ಲೇ ಅವಳು 'ರ್ಯೂಜಿ' ಅನ್ನುತ್ತಾಳೆ, ಇವನು 'ತೈಗಾ' ಅನ್ನುತ್ತಾನೆ. ಪ್ರೀತಿಸುವವರ ಹೆಸರು ಹೇಳಲು ನಾಲಿಗೆ ತಡವರಿಸುವ ಇಬ್ಬರೂ ಒಬ್ಬರನ್ನೊಬ್ಬರು ಮಾತ್ರ ಸಲೀಸಾಗಿ ಕರೆದುಕೊಳ್ಳುತ್ತಾರೆ. ಯಾರು ಯಾರಿಗೆ ಸೇರಿದವರು ಎಂಬುದನ್ನು ಪಾತ್ರಗಳಿಗಿಂತ ಬಹಳ ಮೊದಲೇ ಅವರ ನಾಲಿಗೆ ಅರಿತಿದೆ.

ಹಲಸಿನ ಮುಳ್ಳು

ಕತೆಯ ಹೂರಣ ಸರಳ. ರ್ಯೂಜಿಗೆ ತೈಗಾಳ ಜೀವದ ಗೆಳತಿ ಮಿನೊರಿ ಇಷ್ಟ. ತೈಗಾಳಿಗೆ ರ್ಯೂಜಿಯ ಗೆಳೆಯ ಕಿತಾಮುರಾ ಇಷ್ಟ. ಹಾಗಾಗಿ ಒಂದು ಒಪ್ಪಂದ: ನೀನು ನನಗೆ ನೆರವಾಗು, ನಾನು ನಿನಗೆ. ಇಂಥ ಒಪ್ಪಂದದ ಕೊನೆ ಏನೆಂದು ಓದುಗರಿಗೆ ಮೊದಲ ಅಧ್ಯಾಯದಲ್ಲೇ ಗೊತ್ತು. ಗೊತ್ತಿದ್ದೂ ಹತ್ತು ಸಂಪುಟ ಓದಿಸಿಕೊಂಡು ಹೋಗುವುದು ಹೇಗೆ ಎಂಬುದೇ ಲೇಖಕಿಯ ಎದುರಿಗಿದ್ದ ಸವಾಲು.

ಆ ಕಾಲದ ಜಪಾನಿ ಕತೆಗಳಲ್ಲಿ 'ತ್ಸುಂದೆರೆ' ಎಂಬ ಬಗೆಯ ನಾಯಕಿಯರ ಹೊಳೆಯೇ ಹರಿಯುತ್ತಿತ್ತು. 'ತ್ಸುನ್ ತ್ಸುನ್' ಅಂದರೆ ಮೂತಿ ತಿರುಗಿಸಿ ಸೆಟೆದುಕೊಂಡಿರುವುದು, 'ದೆರೆ ದೆರೆ' ಅಂದರೆ ಕರಗಿ ಅಂಟಿಕೊಳ್ಳುವುದು. ಎರಡನ್ನೂ ಕೂಡಿಸಿ ಮಾಡಿದ ಪದ. ಹಲಸಿನ ಹಣ್ಣಿನ ಹಾಗೆ ಹೊರಗೆ ಮುಳ್ಳು, ಒಳಗೆ ಜೇನಿನಂಥ ತೊಳೆ. ತೈಗಾ ಆ ಬಗೆಯ ಪಾತ್ರಗಳ ಪಟ್ಟಿಯಲ್ಲಿ ಮೊದಲ ಸಾಲಿಗೆ ಸೇರುವವಳು. ಆದರೆ ಮುಳ್ಳು ಯಾಕೆ ಬಂತು ಎಂದು ತಕೆಮಿಯಾ ಕೇಳಿದರು. ಹಲವು ಕತೆಗಳು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಉತ್ತರ ಆ ದುಬಾರಿ ಅಪಾರ್ಟ್‌ಮೆಂಟಿನಲ್ಲಿದೆ. ಮರುದಿನ ಅಲ್ಲಿಗೆ ಹೋದ ರ್ಯೂಜಿಗೆ ಕಾಣುವುದು ಬೂಷ್ಟು ಹಿಡಿದ ಸಿಂಕು, ಎಲ್ಲೆಂದರಲ್ಲಿ ಬಿದ್ದ ಬಟ್ಟೆ, ಅಂಗಡಿ ಊಟದ ಖಾಲಿ ಡಬ್ಬಿ. ತಂದೆ ತಾಯಿ ಬೇರೆಯಾಗಿದ್ದಾರೆ. ಮರುಮದುವೆಯಾದ ತಂದೆ, ಜಗಳವಾಡಿದ ಮಗಳಿಗೆ ಮನೆಯೊಂದನ್ನು ಕೊಟ್ಟು, ತಿಂಗಳಿಗಿಷ್ಟು ದುಡ್ಡು ಕಳಿಸಿ ಕೈ ತೊಳೆದುಕೊಂಡಿದ್ದಾನೆ. ಅವಳಿಗೆ ಮನೆ ಇದೆ, ಮನೆಯವರಿಲ್ಲ. ಬೇಡವೆನಿಸಿಕೊಂಡ ಮಗು ತನ್ನನ್ನು ಯಾರೂ ಮುಟ್ಟದ ಹಾಗೆ ಮುಳ್ಳು ಬೆಳೆಸಿಕೊಂಡಿದೆ. ರ್ಯೂಜಿ ಏನನ್ನೂ ಕೇಳದೆ ತೋಳು ಮಡಚಿ ಸಿಂಕು ತಿಕ್ಕಲು ನಿಲ್ಲುತ್ತಾನೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹುಡುಗಿ ಹುಡುಗನಿಗೆ ಒದೆಯುವುದು, ಬಡಿಯುವುದು, 'ನಾಯಿ' ಎಂದು ಕರೆಯುವುದು ಇವನ್ನೆಲ್ಲ ಈ ಸರಣಿ ನಗೆಗಾಗಿ ಬಳಸಿದೆ. ಹುಡುಗ ಹುಡುಗಿಯನ್ನು ಹೀಗೆ ಬಡಿದರೆ ನಗುತ್ತೇವೆಯೇ ಎಂದು ಕೇಳಿಕೊಂಡಾಗ ಆ ನಗೆ ಸೊರಗುತ್ತದೆ. ಮೂವತ್ತರ ಹೊಸ್ತಿಲಲ್ಲಿರುವ ಶಿಕ್ಷಕಿಗೆ ಮದುವೆಯಾಗಿಲ್ಲ ಎಂಬುದನ್ನು ಮತ್ತೆ ಮತ್ತೆ ಹಾಸ್ಯ ಮಾಡುವುದೂ ಹಾಗೆಯೇ. ಅವು ಆ ಕಾಲದ, ಆ ಪ್ರಕಾರದ ಕಲೆಗಳು. ಸಂಪುಟಗಳು ಮುಂದುವರಿದಂತೆ ಲೇಖಕಿಯ ಕೈ ಅವುಗಳ ಮೇಲೆ ಕಡಿಮೆ ಕಡಿಮೆ ಊರುತ್ತದೆ ಎಂಬುದೂ ನಿಜ.

ಅಪ್ಪ ಅಮ್ಮ ಆಟ

ಒಂದು ಊಟ ಎರಡಾಯಿತು, ಎರಡು ದಿನನಿತ್ಯದ್ದಾಯಿತು. ತೈಗಾ ಬೆಳಗ್ಗೆ ತಿಂಡಿಗೆ ಬರುತ್ತಾಳೆ, ರಾತ್ರಿ ಊಟ ಮಾಡಿ ಅಲ್ಲೇ ಚಾಪೆಯ ಮೇಲೆ ಉರುಳುತ್ತಾಳೆ. ಶಾಲೆಗೆ ಅವಳ ಬುತ್ತಿಯನ್ನೂ ಇವನೇ ಕಟ್ಟುತ್ತಾನೆ. ಮನೆಯ ಗಿಣಿ ಇಂಕೊ ಚಾನ್‌ಗೆ ತನ್ನ ಹೆಸರನ್ನೇ ಹೇಳಲು ಬಾರದು. ಅದಕ್ಕೆ ಹೆಸರು ಹೇಳಿಸಲು ಇಬ್ಬರೂ ಹೆಣಗುತ್ತಾರೆ. ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ರ್ಯೂಜಿಯ ತಾಯಿ ಯಾಸುಕೊ. ಹದಿಹರೆಯದಲ್ಲೇ ಬಸಿರಾಗಿ, ಹೆತ್ತವರ ಮನೆ ಬಿಟ್ಟು ಬಂದು, ಒಬ್ಬಳೇ ಮಗನನ್ನು ಸಾಕಿದವಳು. ರಾತ್ರಿ ಬಾರಿನಲ್ಲಿ ಕೆಲಸ, ಬೆಳಗಿನ ಜಾವ ಸುಸ್ತಾಗಿ ಮನೆಗೆ. ಆ ಬಾರಿನ ಹೆಸರು 'ಬಿಶಮೊನ್ ತೆಂಗೊಕು'. ಬೌದ್ಧ ದೇವತೆ ಬಿಶಮೊನ್‌ತೆನ್ ಮತ್ತು 'ತೆಂಗೊಕು', ಅಂದರೆ ಸ್ವರ್ಗ, ಎರಡನ್ನೂ ಹೆಣೆದ ಹೆಸರು. ಈ ಬಿಶಮೊನ್‌ತೆನ್ ಬೇರೆ ಯಾರೂ ಅಲ್ಲ, ನಮ್ಮ ವೈಶ್ರವಣ, ಅಂದರೆ ಕುಬೇರ. ಬೌದ್ಧಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋದವನು. ಕಡುಬಡವಿ ತಾಯೊಬ್ಬಳು ಕುಬೇರನ ಹೆಸರಿನ ಬಾರಿನಲ್ಲಿ ದುಡಿದು ಮಗನನ್ನು ಓದಿಸುತ್ತಾಳೆ. ಮಗನ ಜೊತೆ ಬಂದ ಸಿಡುಕು ಹುಡುಗಿಯನ್ನು ಅವಳು ಒಂದು ಪ್ರಶ್ನೆಯನ್ನೂ ಕೇಳದೆ ಊಟಕ್ಕೆ ಕೂರಿಸಿಕೊಳ್ಳುತ್ತಾಳೆ.

ಹೀಗೆ ಮೂವರ ಒಂದು ಮನೆಯಾಗುತ್ತದೆ. ಆದರೆ ಇದು ಯಾವ ಬಗೆಯ ಮನೆ? ಈ ಪ್ರಶ್ನೆ ಎತ್ತುವವಳು ಅಮಿ ಕವಾಶಿಮಾ. ಪತ್ರಿಕೆಗಳಿಗೆ ಮಾಡೆಲ್ ಆಗಿರುವ ಚೆಲುವೆ. ಎಲ್ಲರೆದುರು ಸಕ್ಕರೆಯಂತೆ ಮಾತಾಡುವ, ಒಳಗೆ ಎಲ್ಲರನ್ನೂ ಅಳೆದಿರುವ ಹುಡುಗಿ. ಅವಳು ರ್ಯೂಜಿಗೆ ನೇರವಾಗಿ ಹೇಳುತ್ತಾಳೆ: ನೀವು ಆಡುತ್ತಿರುವುದು ಅಪ್ಪ ಅಮ್ಮ ಆಟ. ನೀನು ಅಪ್ಪ, ಮಿನೊರಿ ಅಮ್ಮ, ತೈಗಾ ಮಗು. ಇದು ಸರಿಯಿಲ್ಲ, ನಿಲ್ಲಿಸಿ. ಚಿಕ್ಕಂದಿನಲ್ಲಿ ಮಣ್ಣಿನ ಮಡಕೆಯಲ್ಲಿ ಎಲೆಯ ಪಲ್ಯ ಮಾಡಿ ಆಡಿದ ನಮಗೆಲ್ಲರಿಗೂ ಈ ಆಟ ಗೊತ್ತು. ಆಟದಲ್ಲಿ ಎಲ್ಲರಿಗೂ ಒಂದು ಪಾತ್ರವಿದೆ, ಯಾರಿಗೂ ನೋವಿಲ್ಲ. ಆದರೆ ಆಟ ಮುಂದುವರಿಯಬೇಕಾದರೆ ಯಾರೂ ಬೆಳೆಯಬಾರದು. ಸರಣಿಯ ತಿರುಳನ್ನು ಲೇಖಕಿ ನಾಯಕಿಯ ಬಾಯಲ್ಲಾಗಲಿ ನಾಯಕನ ಬಾಯಲ್ಲಾಗಲಿ ಹೇಳಿಸಲಿಲ್ಲ. ಆಟದಲ್ಲಿ ಯಾವ ಪಾತ್ರವೂ ಸಿಗದೆ ಹೊರಗೆ ಉಳಿದವಳ ಬಾಯಲ್ಲಿ ಹೇಳಿಸಿದರು.

ಅಪ್ಪನ ಪಾತ್ರ ಎಷ್ಟು ಅಪಾಯಕಾರಿ ಎಂಬುದು ರ್ಯೂಜಿಗೆ ಶಾಲೆಯ ಸಾಂಸ್ಕೃತಿಕ ಉತ್ಸವದಲ್ಲಿ ತಿಳಿಯುತ್ತದೆ. ತೈಗಾಳ ತಂದೆ ಇದ್ದಕ್ಕಿದ್ದಂತೆ ಬಂದು, ಮತ್ತೆ ಜೊತೆಗಿರೋಣ ಅನ್ನುತ್ತಾನೆ. ಅವಳಿಗೆ ನಂಬಿಕೆಯಿಲ್ಲ. ತಂದೆಯನ್ನೇ ಕಾಣದೆ ಬೆಳೆದ ರ್ಯೂಜಿ ಅವಳನ್ನು ಒತ್ತಾಯಿಸುತ್ತಾನೆ. ತಂದೆ ಸಿಕ್ಕಿರುವಾಗ ಬಿಟ್ಟುಕೊಡುವುದು ಅವನಿಗೆ ಅರ್ಥವಾಗದ ಮಾತು. ಎಲ್ಲ ಬಲ್ಲ ಮಿನೊರಿ ಬೇಡವೆಂದು ಜಗಳವಾಡಿದರೂ ಕೇಳುವುದಿಲ್ಲ. ಉತ್ಸವದ ದಿನ ತಂದೆ ಬರುವುದಿಲ್ಲ. ಬರುವುದು ಒಂದು ಮೊಬೈಲ್ ಸಂದೇಶ. ವೇದಿಕೆಯ ಮೇಲೆ ಅಲಂಕಾರ ಮಾಡಿಕೊಂಡು ನಿಂತ ತೈಗಾ ಜನರ ನಡುವೆ ತಂದೆಯನ್ನು ಹುಡುಕುತ್ತಾಳೆ. ತನ್ನ ಹಸಿವನ್ನು ಅವಳ ಹಸಿವೆಂದು ತಿಳಿದದ್ದು ರ್ಯೂಜಿಯ ತಪ್ಪು. ಆ ತಪ್ಪಿಗೆ ಅವನು, ಮಿನೊರಿ ಇಬ್ಬರೂ ಓಟದ ಪಂದ್ಯದಲ್ಲಿ ಕೈ ಕೈ ಹಿಡಿದು ಓಡಿ ಗೆದ್ದು ಅವಳ ಬಳಿ ಹೋಗುವ ದೃಶ್ಯ ಈ ಕತೆಯ ಮರೆಯಲಾಗದ ಭಾಗಗಳಲ್ಲಿ ಒಂದು. ಕ್ಷಮೆ ಕೇಳಲು ಮಾತು ಸಾಲದಾಗ ಕಾಲು ಕೇಳುತ್ತದೆ.

ಪುಟದಿಂದ ತೆರೆಗೆ

2008ರ ಅಕ್ಟೋಬರ್‌ನಲ್ಲಿ ಜೆ.ಸಿ. ಸ್ಟಾಫ್ ಸಂಸ್ಥೆ ತಯಾರಿಸಿದ ಅನಿಮೆ ಪ್ರಸಾರ ಶುರುವಾಯಿತು. ನಿರ್ದೇಶನ ತತ್ಸುಯುಕಿ ನಾಗಾಯಿ, ಕಂತುಗಳ ಒಟ್ಟು ಹೆಣಿಗೆ ಮಾರಿ ಒಕಾದಾ, ಪಾತ್ರವಿನ್ಯಾಸ ಮಸಯೋಶಿ ತನಾಕಾ, ಸಂಗೀತ ಯುಕಾರಿ ಹಾಶಿಮೊತೊ. ಆಗಿನ್ನೂ ಕಾದಂಬರಿ ಮುಗಿದಿರಲಿಲ್ಲ. ಕೊನೆಯ ಸಂಪುಟ ಅಂಗಡಿಗೆ ಬಂದದ್ದು 2009ರ ಮಾರ್ಚ್ 10ಕ್ಕೆ, ಅನಿಮೆಯ ಕೊನೆಯ ಕಂತು ಪ್ರಸಾರವಾದದ್ದು ಅದೇ ತಿಂಗಳ 26ಕ್ಕೆ. ಪುಸ್ತಕ ಮತ್ತು ತೆರೆ ಬಹುತೇಕ ಜೊತೆಜೊತೆಯಾಗಿ ಗುರಿ ಮುಟ್ಟಿದವು.

ಇದರ ಮಹತ್ವ ತಿಳಿಯಬೇಕಾದರೆ ಆ ಉದ್ಯಮದ ನಡೆ ತಿಳಿದಿರಬೇಕು. ಲೈಟ್ ನಾವೆಲ್ ಆಧಾರಿತ ಅನಿಮೆಗಳು ಎಷ್ಟೋ ಸಲ 12 ಅಥವಾ 13 ಕಂತಿಗೆ ನಿಂತುಬಿಡುತ್ತವೆ. ಪುಸ್ತಕ ಕೊಳ್ಳಿಸುವ ಜಾಹೀರಾತಿನಂತೆ ಮೊದಲ ಮೂರು ನಾಲ್ಕು ಸಂಪುಟ ತೋರಿಸಿ, ಕತೆಯನ್ನು ನಡುದಾರಿಯಲ್ಲಿ ಕೈಬಿಡುತ್ತವೆ. 'ತೊರಾದೊರಾ!' ತಂಡ ಹತ್ತೂ ಸಂಪುಟಗಳನ್ನು 25 ಕಂತುಗಳಲ್ಲಿ ಹಿಡಿದು, ಹುಡುಗ ಹುಡುಗಿಯ ಕತೆಯನ್ನು ದಡ ಮುಟ್ಟಿಸಿತು. ಅದಕ್ಕಾಗಿ ಎಷ್ಟೋ ಪ್ರಸಂಗಗಳನ್ನು ಕೈಬಿಟ್ಟಿತು, ಕೆಲವನ್ನು ಒಂದರೊಳಗೊಂದು ಸೇರಿಸಿತು.

ಕಾದಂಬರಿಯ ಸೊಗಸು ಅದರ ನಿರೂಪಣೆಯಲ್ಲಿದೆ. ರ್ಯೂಜಿಯ ತಲೆಯೊಳಗಿನ ಗಾಬರಿ, ಹಗಲುಗನಸು, ಮನೆಗೆಲಸದ ಲೆಕ್ಕಾಚಾರ ಪುಟಗಟ್ಟಲೆ ಹರಿಯುತ್ತದೆ. ತೆರೆಯ ಮೇಲೆ ಅದನ್ನೆಲ್ಲ ಹೇಳುತ್ತಾ ಕೂತರೆ ಕತೆ ಕುಂಟುತ್ತದೆ. ಅದಕ್ಕೇ ಅನಿಮೆ ಆ ಮಾತುಗಳನ್ನು ತೆಗೆದು ಅವುಗಳ ಜಾಗದಲ್ಲಿ ವಸ್ತುಗಳನ್ನಿಟ್ಟಿತು. ಎದುರುಬದುರಾದ ಎರಡು ಕಿಟಕಿ. ರಾತ್ರಿಯ ಬೀದಿಯಲ್ಲಿ ಒಂದು ಕರೆಂಟು ಕಂಬ. ಯಾರೂ ತನ್ನನ್ನು ಅರ್ಥಮಾಡಿಕೊಳ್ಳುವುದಿಲ್ಲ ಎಂದು ತೈಗಾ ಆ ಕಂಬಕ್ಕೆ ಒದೆಯುತ್ತಾಳೆ. ರ್ಯೂಜಿ ಸಮಾಧಾನದ ಮಾತು ಆಡುವುದಿಲ್ಲ. ಪಕ್ಕಕ್ಕೆ ನಿಂತು ತಾನೂ ಒದೆಯುತ್ತಾನೆ. ಅವನ ಮುಖದ ಬಗ್ಗೆ ಊರು ಆಡುವ ಮಾತು ಅವನಿಗೂ ನೋವಿನದೇ. ಇಬ್ಬರ ಸ್ನೇಹವನ್ನು ಅಲ್ಲಿಂದ ಮುಂದೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಕ್ರಿಸ್‌ಮಸ್ ಮುನ್ನಾದಿನದ 19ನೆಯ ಕಂತು ಈ ಕಲೆಯ ತುದಿ. ಜಪಾನಿನಲ್ಲಿ ಆ ರಾತ್ರಿ ಪ್ರೇಮಿಗಳದ್ದು ಎಂಬ ರೂಢಿ ಬೆಳೆದಿದೆ. ತೈಗಾಳಿಗೆ ಮಾತ್ರ ಸಾಂಟಾ ಕ್ಲಾಸ್ ಮೇಲೆ ಇನ್ನೂ ಮಗುವಿನ ನಂಬಿಕೆ. ಯಾರೋ ಒಬ್ಬರು ತನ್ನನ್ನು ಗಮನಿಸುತ್ತಿದ್ದಾರೆ ಎಂಬ ಆಸೆ ಅದು. ಶಾಲೆಯ ಸಮಾರಂಭ ಮುಗಿಸಿ ಅವಳು ಖಾಲಿ ಮನೆಗೆ ಹೋಗುತ್ತಾಳೆ. ರ್ಯೂಜಿ ಕರಡಿಯ ವೇಷ ತೊಟ್ಟು ಅವಳ ಬಾಗಿಲಿಗೆ ಬರುತ್ತಾನೆ. ಅವಳು ಖುಷಿಯಿಂದ ಕುಣಿದು, ಆಮೇಲೆ, ಮಿನೊರಿ ಕಾಯುತ್ತಿರಬಹುದು, ಹೋಗು ಎಂದು ಅವನನ್ನು ತಾನೇ ಕಳಿಸುತ್ತಾಳೆ. ಕಳಿಸಿದ ಮೇಲೆ ತನ್ನ ಕಣ್ಣಲ್ಲಿ ನೀರು ಬರುತ್ತಿರುವುದು ಅವಳಿಗೇ ಆಶ್ಚರ್ಯ. ಬರಿಗಾಲಲ್ಲಿ ಬೀದಿಗೆ ಓಡಿ ಅವಳು ಕೂಗುವುದು ಒಂದೇ ಪದ, ಅವನ ಹೆಸರು. ದಿನಕ್ಕೆ ಹತ್ತು ಸಲ ಅನ್ನಕ್ಕೋ ಬೈಗುಳಕ್ಕೋ ಬಳಸುತ್ತಿದ್ದ ಹೆಸರು. ಆ ಕೂಗನ್ನು ಕೇಳುವುದು ರ್ಯೂಜಿಯಲ್ಲ, ಆ ದಾರಿಯಲ್ಲಿ ಬಂದ ಮಿನೊರಿ. ಕತೆಯ ಮುಂದಿನ ನೋವೆಲ್ಲ ಆ ಒಂದು ಗಳಿಗೆಯಿಂದ ಹೊರಡುತ್ತದೆ.

ತೈಗಾಳ ದನಿ ರಿಯೆ ಕುಗಿಮಿಯಾ ಅವರದು. 'ಶಕುಗಾನ್ ನೊ ಶಾನಾ', 'ಜೆರೊ ನೊ ತ್ಸುಕೈಮಾ' ಅನಿಮೆಗಳ ಸಿಡುಕು ನಾಯಕಿಯರಿಗೂ ದನಿ ಕೊಟ್ಟು ಆಗಲೇ ಈ ಬಗೆಯ ಪಾತ್ರಕ್ಕೆ ಹೆಸರಾಗಿದ್ದವರು. ಆ ಕೂಗಿನಲ್ಲಿ ಅವರು ಸಿಡುಕನ್ನೆಲ್ಲ ಬಿಚ್ಚಿಟ್ಟು ಬರೀ ಮಗುವಾಗುತ್ತಾರೆ. ಮಿನೊರಿಯಾಗಿ ಯುಯಿ ಹೋರಿಯೆ ಮಾಡಿದ ಕೆಲಸವೂ ಅಷ್ಟೇ ದೊಡ್ಡದು. ಸದಾ ನಗುವ, ಸಾಫ್ಟ್‌ಬಾಲ್ ತಂಡದ ನಾಯಕಿ ಮಿನೊರಿ ಬೇಸಿಗೆಯ ಒಂದು ರಾತ್ರಿ ರ್ಯೂಜಿಗೆ ದೆವ್ವದ ಮಾತು ಹೇಳುತ್ತಾಳೆ: ದೆವ್ವ ಇದೆ ಅನ್ನುತ್ತಾರೆ, ಕಂಡವರಿದ್ದಾರೆ, ನನಗೆ ಮಾತ್ರ ಕಂಡಿಲ್ಲ. ಪ್ರೀತಿಯೂ ನನಗೆ ಹಾಗೇ. ಅವಳಿಗೆ ಅದು ಕಾಣುತ್ತದೆ. ಕಂಡಾಗ ಪಕ್ಕದಲ್ಲಿ ಗೆಳತಿಯೂ ನಿಂತಿರುತ್ತಾಳೆ. ಬಿಟ್ಟುಕೊಡುವುದು ತ್ಯಾಗವೋ, ಗೆಳತಿಗೆ ಮಾಡುವ ಅವಮಾನವೋ? ತೈಗಾ ಮತ್ತು ಮಿನೊರಿ ಈ ಪ್ರಶ್ನೆಗಾಗಿ ಅಳುತ್ತಾ ಜಗಳವಾಡುತ್ತಾರೆ. ಹುಡುಗನಿಗಾಗಿ ಇಬ್ಬರು ಹುಡುಗಿಯರ ಕಿತ್ತಾಟವನ್ನು ನೂರು ಕತೆಗಳಲ್ಲಿ ನೋಡಿದ್ದೇವೆ. ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡದ್ದಕ್ಕಾಗಿ ಇಬ್ಬರು ಗೆಳತಿಯರು ಕಿತ್ತಾಡುವುದು ಅಪರೂಪ.

ಈ ಅನಿಮೆಯ ನಾಗಾಯಿ, ಒಕಾದಾ, ತನಾಕಾ ಮೂವರೂ ಮತ್ತೆ ಜೊತೆಗೂಡಿ 2011ರಲ್ಲಿ 'ಅನೊಹಾನಾ' ಮಾಡಿದರು. ಸತ್ತ ಗೆಳತಿಯ ನೆನಪು ಕಾಡುವ ಗೆಳೆಯರ ಕತೆ. ಮುಂದೆ 2015ರಲ್ಲಿ, 2019ರಲ್ಲಿ ಎರಡು ಚಲನಚಿತ್ರಗಳನ್ನೂ ಕೊಟ್ಟರು. ಒಕಾದಾ ನಿರ್ದೇಶಕಿಯಾಗಿ 2018ರಲ್ಲಿ 'ಮಕಿಯಾ' ಮಾಡಿದರು. ತನಾಕಾ 2016ರಲ್ಲಿ ಜಗತ್ತೆಲ್ಲ ನೋಡಿದ 'ಯುವರ್ ನೇಮ್' ಚಿತ್ರದ ಪಾತ್ರಗಳಿಗೆ ರೂಪ ಕೊಟ್ಟರು. ಮನಸ್ಸಿನಲ್ಲಿರುವುದನ್ನು ಹೇಳಲಾಗದ ಹುಡುಗ ಹುಡುಗಿಯರನ್ನು ಈ ಮೂವರು ಒಟ್ಟಾಗಿ ಮೊದಲು ಬಿಡಿಸಿದ್ದು ಈ ಅಕ್ಕಪಕ್ಕದ ಎರಡು ಮನೆಗಳಲ್ಲಿ.

ಉಳಿದ ಕವಲುಗಳನ್ನು ಚುಟುಕಾಗಿ ಹೇಳಬಹುದು. ಜೆಕ್ಯೋ ಎಂಬ ಕಲಾವಿದರ ಮಾಂಗಾ 2007ರಲ್ಲಿ ಶುರುವಾಗಿ, ಕಾದಂಬರಿ ಮುಗಿದು ಹತ್ತು ವರ್ಷ ಕಳೆದರೂ ನಿಧಾನವಾಗಿ ಸಾಗುತ್ತಲೇ ಇತ್ತು. 2009ರ ಏಪ್ರಿಲ್‌ನಲ್ಲಿ ಪಿಎಸ್‌ಪಿ ಯಂತ್ರಕ್ಕೆ ಬಂದ ಆಟದಲ್ಲಿ ಆಡುವವರ ಆಯ್ಕೆಗೆ ತಕ್ಕಂತೆ ರ್ಯೂಜಿಯ ಬದುಕು ಬೇರೆ ಬೇರೆ ಕೊನೆ ಕಾಣುತ್ತಿತ್ತು. 2011ರ ಡಿಸೆಂಬರ್‌ನಲ್ಲಿ ಬ್ಲೂರೇ ಜೊತೆ ಬಂದ ಹೆಚ್ಚುವರಿ ಕಂತಿನ ವಸ್ತು ಏನು ಗೊತ್ತೇ? ಬುತ್ತಿ. ಗೆಳೆಯನ ಬುತ್ತಿ ನೋಡಿ ರ್ಯೂಜಿ ಪಣಕ್ಕೆ ಬಿದ್ದು ಅಡುಗೆಯಲ್ಲಿ ಮುಳುಗುವ ಕತೆ. ಸುಮಾರು ಎರಡೂಮುಕ್ಕಾಲು ವರ್ಷದ ನಂತರ ನೋಡುಗರನ್ನು ಮತ್ತೆ ಕರೆಯಲು ಹೊರಟಾಗಲೂ ತಂಡ ಆರಿಸಿಕೊಂಡದ್ದು ಅನ್ನವನ್ನೇ. ಇಂಗ್ಲಿಷ್ ಬಲ್ಲ ಓದುಗರಿಗೆ ಮೂಲ ಕಾದಂಬರಿಗಳು 2018ರಿಂದ ಅನುವಾದದಲ್ಲಿ ಸಿಗತೊಡಗಿದವು.

ಓಡಿಹೋಗದವರು

ಕೊನೆಯ ಭಾಗದಲ್ಲಿ ಆಟ ಮುರಿಯುತ್ತದೆ. ಶಾಲೆಯ ಹಿಮಪ್ರವಾಸದಲ್ಲಿ ಕಡಿದಾದ ಇಳಿಜಾರಿನಲ್ಲಿ ಬಿದ್ದ ತೈಗಾಳನ್ನು ರ್ಯೂಜಿ ಹೊತ್ತು ತರುತ್ತಾನೆ. ಅರೆಪ್ರಜ್ಞೆಯಲ್ಲಿ, ಹೊತ್ತವನು ಕಿತಾಮುರಾ ಎಂದು ತಿಳಿದು, ರ್ಯೂಜಿಯನ್ನು ಪ್ರೀತಿಸುವುದನ್ನು ಬಿಡಲಾಗುತ್ತಿಲ್ಲ ಎಂದು ಅವಳು ಹೇಳಿಬಿಡುತ್ತಾಳೆ. ಮೊದಲ ದಿನ ಪ್ರೇಮಪತ್ರ ತಪ್ಪು ವಿಳಾಸಕ್ಕೆ ಹೋಗಿತ್ತು. ಈಗ ಮಾತು ತಪ್ಪು ವಿಳಾಸ ಹಿಡಿದು ಸರಿಯಾದವನ ಕಿವಿಗೇ ಬೀಳುತ್ತದೆ.

ಅಷ್ಟರಲ್ಲಿ ತೈಗಾಳ ತಾಯಿ ಅವಳನ್ನು ಕರೆದೊಯ್ಯಲು ಬರುತ್ತಾಳೆ. ಯಾಸುಕೊ ಮಗನನ್ನು ಕಾಲೇಜಿಗೆ ಕಳಿಸಲು ಮೈಮುರಿದು ದುಡಿದು ಕುಸಿಯುತ್ತಾಳೆ. ಬೇಡವಾದರೂ ಓದು ಎಂಬ ತಾಯಿ, ಓದು ಬೇಡ ದುಡಿಯುತ್ತೇನೆ ಎಂಬ ಮಗ. ಇಬ್ಬರೂ ಚುಚ್ಚಿಕೊಳ್ಳುತ್ತಾರೆ. ರ್ಯೂಜಿ ಮತ್ತು ತೈಗಾ ಕೈ ಹಿಡಿದು ಓಡುತ್ತಾರೆ. ಹದಿನೆಂಟು ತುಂಬಲಿ, ಮದುವೆಯಾಗೋಣ ಎಂಬ ಮಾತಾಗುತ್ತದೆ. ಅಮಿ ತನ್ನ ಬೇಸಿಗೆ ಮನೆಯ ಕೀಲಿ ಕೊಡುತ್ತಾಳೆ. ಪ್ರೇಮಕತೆಗಳು ಸಾಮಾನ್ಯವಾಗಿ ಇಲ್ಲಿ ಮುಗಿಯುತ್ತವೆ.

ತಕೆಮಿಯಾ ಇಲ್ಲಿ ಮುಗಿಸುವುದಿಲ್ಲ. ರ್ಯೂಜಿ ಹೋಗುವುದು ತಾನು ಎಂದೂ ಕಾಣದ ಅಜ್ಜ ಅಜ್ಜಿಯ ಮನೆಗೆ. ಯಾಸುಕೊ ಹದಿಹರೆಯದಲ್ಲಿ ಬಿಟ್ಟು ಓಡಿಬಂದ ಮನೆ ಅದು. ಮಗ ಅಲ್ಲಿದ್ದಾನೆ ಎಂದು ತಿಳಿದ ತಾಯಿ ಎಷ್ಟೋ ವರ್ಷಗಳ ನಂತರ ಆ ಹೊಸ್ತಿಲು ತುಳಿಯಬೇಕಾಗುತ್ತದೆ. ತಾಯಿಯನ್ನು ಅವಳ ತಾಯಿಯ ಬಳಿಗೆ ಸೇರಿಸಿದ ರ್ಯೂಜಿಗೂ, ಅದನ್ನು ಪಕ್ಕದಲ್ಲಿ ಕೂತು ನೋಡಿದ ತೈಗಾಳಿಗೂ ಒಂದು ವಿಷಯ ತಿಳಿಯುತ್ತದೆ: ಓಡಿಹೋದ ದಾರಿಯನ್ನು ಒಂದು ದಿನ ಯಾರಾದರೂ ನಡೆದು ಹಿಂದಿರುಗಲೇಬೇಕು. ತೈಗಾ ರ್ಯೂಜಿಯನ್ನು ಬಿಟ್ಟು ತನ್ನ ತಾಯಿಯ ಬಳಿಗೆ ಹೋಗುತ್ತಾಳೆ. ಮುನಿಸಿನಿಂದಲ್ಲ, ಸೋತೂ ಅಲ್ಲ. ಬೇಡವಾದ ಮಗುವಾಗಿ ಅವನ ಮನೆಯಲ್ಲಿ ಅಡಗಿಕೊಳ್ಳದೆ, ತನ್ನ ಮನೆಯನ್ನು ಸರಿಮಾಡಿಕೊಂಡು, ಸರಿಸಮನಾಗಿ ಅವನ ಪಕ್ಕದಲ್ಲಿ ನಿಲ್ಲಲು. ಹುಲಿ ಡ್ರ್ಯಾಗನ್‌ನ ಪಕ್ಕ ನಿಲ್ಲುವುದು ಹಾಗೆ. ಅಪ್ಪ ಅಮ್ಮ ಆಟದ ಮಗು ಆಟ ಬಿಟ್ಟು ಎದ್ದು ಹೊರಟಿತು. ಇನ್ನು ನಿಜವಾದ ಮನೆ ಕಟ್ಟಬಹುದು. ಅನಿಮೆಯಲ್ಲಿ ಅವಳು ಹಿಂದಿರುಗುವುದು ಶಾಲೆಯ ಬೀಳ್ಕೊಡುಗೆಯ ದಿನ.

ಮೂರು ವರ್ಷ ತಕೆಮಿಯಾ ಬರೆದದ್ದನ್ನೆಲ್ಲ ಓದಿ ಮುಗಿಸಿದಾಗ ನನ್ನ ಮನಸ್ಸಿನಲ್ಲಿ ನಿಲ್ಲುವುದು ಹಿಮವಲ್ಲ, ಕ್ರಿಸ್‌ಮಸ್ ದೀಪವಲ್ಲ. ಬಿಸಿಲು ಬೀಳದ ಅಡುಗೆಮನೆಯಲ್ಲಿ ಹುಡುಗನೊಬ್ಬ ಅಕ್ಕಿ ತೊಳೆಯುತ್ತಿರುವ ಚಿತ್ರ. ಇಬ್ಬರಿಗೆ ಬೇಕಾದಷ್ಟು ಅಳೆದು, ಒಂದು ಗಳಿಗೆ ನಿಂತು, ಇನ್ನೊಬ್ಬರ ಪಾಲನ್ನೂ ಹಾಕುತ್ತಾನೆ. ಅವನು ಅದನ್ನು ಪ್ರೀತಿ ಎಂದು ಕರೆಯಲು ಒಂದು ವರ್ಷ ಬೇಕಾಯಿತು. ಅಕ್ಕಿಯ ಅಳತೆಗೆ ಅದು ಮೊದಲ ರಾತ್ರಿಯೇ ಗೊತ್ತಿತ್ತು.